ಒಂದು ಕೊಯ್ತಾ, ಇಬ್ಬರು ಮಂದಿ: ರಾಜತಾಂತ್ರಿಕರ ಸಂಗಾತಿಗಳ ‘ತಾಳಿಕೆ’ ಕುರಿತ ಸಂಶೋಧನೆಗೆ ಗಡಿ ತಾಲ್ಲೂಕುಗಳಿಂದ ಒಂದು ಪ್ರತಿಕ್ರಿಯೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಾನು ಜಹೀರಾಬಾದಿನಿಂದ ಮಾತಾಡ್ತಾ ಇದ್ದೀನಿ, ಇಲ್ಲಿ ಕರೆಂಟು ಹೋದರೆ ಎರಡು ನಿಮಿಷ ತಾಳ್ಮೆಯಿಂದ ಕಾಯಿರಿ. ತಾಳ್ಮೆಯೇ ಇವತ್ತಿನ ವಿಷಯ, ಹಾಗಾಗಿ ತಪ್ಪು ತಿಳಿಯಬಾರದು.

ಅಧ್ಯಕ್ಷತೆ ವಹಿಸಿದ ಮೇಡಂ ನನಗೆ ಕೊಟ್ಟ ವಿಷಯ, ವಿದೇಶದಲ್ಲಿ ವಾಸಿಸುವ ರಾಜತಾಂತ್ರಿಕರ ಸಂಗಾತಿಗಳ ಒತ್ತಡ ಮತ್ತು ತಾಳಿಕೆ. ವಿಷಯ ಕೇಳಿದ ಕೂಡಲೇ ನನಗೆ ಬಂದ ಮೊದಲ ಯೋಚನೆ: ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರಿಗೂ ರಾಯಭಾರ ಕಚೇರಿಗೂ ಏನು ಸಂಬಂಧ? ಓದುತ್ತಾ ಹೋದ ಹಾಗೆ ಸಂಬಂಧ ಕಾಣಿಸಿತು. ಅದನ್ನೇ ನಿಮ್ಮ ಮುಂದೆ ಇಡ್ತೀನಿ. ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಈ ಕ್ಷೇತ್ರದ ಬಹಳಷ್ಟು ಅಧ್ಯಯನಗಳು ಹೆಂಡತಿ ಎಷ್ಟು ತಾಳುತ್ತಾಳೆ ಅಂತ ಅಳೆಯುತ್ತವೆ. ಆಕೆ ಯಾವ ನಿಯಮದ ಕೆಳಗೆ ತಾಳುತ್ತಿದ್ದಾಳೆ, ಅದರ ಲಾಭ ಯಾರಿಗೆ ಸೇರುತ್ತದೆ ಅನ್ನೋದನ್ನು ಅಳೆಯೋದಿಲ್ಲ. ಹಾಗಾಗಿ ಸಂಸ್ಥೆಯ ಲೆಕ್ಕದಲ್ಲಿ ಇರಬೇಕಾದ ಸಂಗತಿ ಹೆಂಗಸಿನ ಸ್ವಭಾವದ ಲೆಕ್ಕಕ್ಕೆ ಬಂದು ಬೀಳುತ್ತದೆ.

ಪದದ ಕಥೆ

ನಮ್ಮ ಮನೋವಿಜ್ಞಾನದ ಬರಹಗಳಲ್ಲಿ ಈ ಪರಿಕಲ್ಪನೆಗೆ ಹಲವು ಪದ ಓಡಾಡ್ತಾ ಇವೆ: ಸ್ಥಿತಿಸ್ಥಾಪಕತ್ವ, ಪುಟಿದೇಳುವ ಶಕ್ತಿ, ತಾಳಿಕೆ. ಸ್ಥಿತಿಸ್ಥಾಪಕತ್ವ ಭೌತಶಾಸ್ತ್ರದಿಂದ ಬಂದದ್ದು. ಸ್ಪ್ರಿಂಗನ್ನು ಎಳೆದು ಬಿಟ್ಟರೆ ಮೊದಲಿನ ಸ್ಥಿತಿಗೆ ಬರುತ್ತದೆ. ಎಳೆದವರು ಯಾರು ಅನ್ನೋದು ಸ್ಪ್ರಿಂಗಿನ ಪಾಠದಲ್ಲಿ ಬರೋದಿಲ್ಲ. ‘ತಾಳಿಕೆ’ ನಮಗೆ ಹತ್ತಿರದ ಪದ. ‘ತಾಳಿದವನು ಬಾಳಿಯಾನು’ ಅಂತ ಗಾದೆಯೇ ಇದೆ. ಗಾದೆಯಲ್ಲಿ ತಾಳೋನು ಗಂಡಸು. ಮನೆಯಲ್ಲಿ ಆ ಗಾದೆಯನ್ನು ಯಾರಿಗೆ ಹೇಳ್ತಾರೆ ಅಂತ ನಿಮಗೇ ಗೊತ್ತು. ನಮ್ಮ ಕಡೆ ಮದುವೆಯಾಗಿ ಹೊರಟ ಹುಡುಗಿಗೆ ಹೇಳೋ ಮಾತು ಒಂದೇ: “ಹೊಂದ್ಕೊಂಡು ಹೋಗವ್ವ.” ನಾನು ಇಲ್ಲಿ ತಾಳಿಕೆ ಅನ್ನೋ ಪದವನ್ನೇ ಬಳಸ್ತೀನಿ, ಆದರೆ ಅದರ ಹಿಂದೆ ಈ ‘ಹೊಂದ್ಕೊಂಡು ಹೋಗು’ ಇದೆ ಅಂತ ನೆನಪಿಟ್ಟುಕೊಂಡು.

ಹಳೆಯ ಅಧ್ಯಯನಗಳು ಕಂಡದ್ದು, ಹೊಸವು ಮರೆತದ್ದು

ವಿಚಿತ್ರ ಅಂದರೆ, ಈ ವಿಷಯದ ಹಳೆಯ ಬರಹಗಳೇ ಹೆಚ್ಚು ಚುರುಕಾಗಿವೆ. 1969ರಲ್ಲಿ ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ರಾಯಭಾರಿಯ ಹೆಂಡತಿಯ ಪಾತ್ರದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಆಕೆ ಸ್ವತಃ ರಾಜತಾಂತ್ರಿಕರೊಬ್ಬರ ಮಗಳು. ರಾಯಭಾರಿಯ ಹೆಂಡತಿ ಯಾರ ಮನೆಗೆ ಹೋದಳು, ಯಾರನ್ನು ಊಟಕ್ಕೆ ಕರೆದಳು, ಯಾರ ಜೊತೆ ಎಷ್ಟು ಹೊತ್ತು ಮಾತಾಡಿದಳು, ಇದೆಲ್ಲ ಎರಡು ಸರ್ಕಾರಗಳ ನಡುವಿನ ಸಂದೇಶವಾಗುತ್ತದೆ ಅನ್ನೋದು ಅವರ ಗಮನಿಕೆ. ಅಂದರೆ ಆಕೆ ಕೆಲಸ ಮಾಡ್ತಾ ಇದ್ದಾಳೆ. ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲ ಅಷ್ಟೆ.

1973ರಲ್ಲಿ ಹ್ಯಾನಾ ಪಾಪನೆಕ್ ಇದಕ್ಕೆ ಒಂದು ಹೆಸರು ಕೊಟ್ಟರು. ಗಂಡನ ಒಂದು ನೌಕರಿ, ಅದನ್ನು ಮಾಡೋರು ಇಬ್ಬರು. ಸಂಸ್ಥೆ ಕೂಲಿ ಕೊಡೋದು ಒಬ್ಬನಿಗೆ, ದುಡಿಸಿಕೊಳ್ಳೋದು ಇಬ್ಬರನ್ನೂ. 1975ರಲ್ಲಿ ಹಿಲರಿ ಕ್ಯಾಲನ್ ರಾಜತಾಂತ್ರಿಕರ ಹೆಂಡತಿಯರ ಬಗ್ಗೆಯೇ ಬರೆದರು. ಆಕೆಯ ನಿಷ್ಠೆಯನ್ನು ಯಾರೂ ಕೇಳಿ ಪಡೆಯೋದಿಲ್ಲ, ಅದು ಇದ್ದೇ ಇದೆ ಅಂತ ಮೊದಲೇ ಹಿಡಿದುಕೊಂಡು ಇಡೀ ವ್ಯವಸ್ಥೆ ನಡೆಯುತ್ತದೆ ಅನ್ನೋದು ಅಲ್ಲಿನ ತಿರುಳು.

ಇದು ಬರೀ ಸಿದ್ಧಾಂತ ಆಗಿರಲಿಲ್ಲ. ಅಮೆರಿಕದ ವಿದೇಶಾಂಗ ಸೇವೆಯಲ್ಲಿ 1972ರವರೆಗೆ ಅಧಿಕಾರಿಯ ಕಾರ್ಯಕ್ಷಮತೆ ವರದಿಯಲ್ಲಿ ಹೆಂಡತಿಯ ನಡವಳಿಕೆ, ಆತಿಥ್ಯದ ಬಗ್ಗೆಯೂ ಬರೆಯೋ ರೂಢಿಯಿತ್ತು. ಆಕೆ ಚೆನ್ನಾಗಿ ಉಪಚಾರ ಮಾಡಿದರೆ ಗಂಡನಿಗೆ ಬಡ್ತಿಗೆ ಅನುಕೂಲ, ಮಾಡದಿದ್ದರೆ ತೊಂದರೆ. ಆ ವರ್ಷದ ಆದೇಶ ಹೆಂಡತಿ ಸ್ವತಂತ್ರ ವ್ಯಕ್ತಿ, ಆಕೆ ಸರ್ಕಾರಿ ನೌಕರಳಲ್ಲ ಅಂತ ಸಾರಿತು. ಒಳ್ಳೆಯದೇ ಆಯಿತು. ಆದರೆ ಊಟಕ್ಕೆ ಬರೋ ಅತಿಥಿಗಳು ಬರೋದು ನಿಲ್ಲಿಸಲಿಲ್ಲ. ಅಪ್ಪಣೆ ಹೋಯಿತು, ಕೆಲಸ ಉಳಿಯಿತು. ಮೊದಲು ಕರ್ತವ್ಯ ಅಂತ ಮಾಡ್ತಾ ಇದ್ದದ್ದನ್ನು ಈಗ ‘ಸ್ವಇಚ್ಛೆ’ಯಿಂದ ಮಾಡಬೇಕಾಯಿತು. ನನ್ನ ಅನುಮಾನ ಏನಂದರೆ, ಕೆಲಸಕ್ಕೆ ಕೆಲಸ ಅನ್ನೋ ಹೆಸರು ಹೋದ ಮೇಲೆಯೇ ಅದಕ್ಕೆ ‘ಹೊಂದಾಣಿಕೆ’, ‘ತಾಳಿಕೆ’ ಅನ್ನೋ ಹೆಸರುಗಳು ಬಂದು ಕೂತವು.

ಅಳತೆಗೋಲುಗಳ ಬಗ್ಗೆ

ಈಗ ಅಳೆಯೋ ವಿಧಾನಕ್ಕೆ ಬರೋಣ. ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸೋ ಎರಡು ಸಾಧನಗಳನ್ನೇ ತೆಗೆದುಕೊಳ್ತೀನಿ.

ಮೊದಲನೆಯದು 1967ರ ಹೋಮ್ಸ್ ಮತ್ತು ರಾಹೆ ಅವರ ಜೀವನ ಘಟನೆಗಳ ಪಟ್ಟಿ. ಸಂಗಾತಿಯ ಸಾವಿಗೆ 100 ಅಂಕ, ಮದುವೆಗೆ 50, ಹೀಗೆ. ಒಂದು ವರ್ಗಾವಣೆಯನ್ನು ಈ ಪಟ್ಟಿಯಲ್ಲಿ ಹಾಕಿ ನೋಡಿ. ಮನೆ ಬದಲಾವಣೆ 20, ಜೀವನ ಪರಿಸ್ಥಿತಿಯ ಬದಲಾವಣೆ 25, ಹೆಂಡತಿ ಕೆಲಸ ಬಿಡುವುದು ಅಥವಾ ಸೇರುವುದು 26, ಸಾಮಾಜಿಕ ಚಟುವಟಿಕೆ 18, ಮನರಂಜನೆ 19, ಶಾಲೆ ಬದಲಾವಣೆ 20, ದಿನನಿತ್ಯದ ಅಭ್ಯಾಸಗಳ ಬದಲಾವಣೆ 24. ಒಟ್ಟು 152. ಈ ಪಟ್ಟಿಯ ಪ್ರಕಾರ 150 ದಾಟಿದರೆ ಕಾಯಿಲೆ ಬೀಳೋ ಸಾಧ್ಯತೆ ಹೆಚ್ಚುತ್ತದೆ. ಯಾರೂ ಸತ್ತಿಲ್ಲ, ಯಾರೂ ಜಗಳ ಆಡಿಲ್ಲ, ಒಂದು ವರ್ಗಾವಣೆಯ ಪತ್ರ ಬಂದಿದೆ ಅಷ್ಟೆ. ರಾಜತಾಂತ್ರಿಕರ ಮನೆಯಲ್ಲಿ ಇದು ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಬರುತ್ತದೆ.

ಈ ಪಟ್ಟಿಯ ಉಪಯೋಗ ನಾನು ಅಲ್ಲಗಳೆಯೋದಿಲ್ಲ. ಆದರೆ ಒಂದು ಕಲಂ ಇದರಲ್ಲಿ ಇಲ್ಲ: ಈ ಬದಲಾವಣೆಯನ್ನು ತೀರ್ಮಾನ ಮಾಡಿದವರು ಯಾರು? ಗಂಡನಿಗೂ ಮನೆ ಬದಲಾವಣೆಯ 20, ಹೆಂಡತಿಗೂ 20. ಗಂಡ ಹೊಸ ಊರಿಗೆ ಹೋದ ದಿನವೇ ಅವನಿಗೆ ಮೇಜು, ಕುರ್ಚಿ, ಹುದ್ದೆ, ಜೊತೆಗಾರರು ಕಾಯ್ತಾ ಇರ್ತಾರೆ. ಆಕೆಗೆ ಕಾಯ್ತಾ ಇರೋದು ಬಿಚ್ಚದ ಪೆಟ್ಟಿಗೆಗಳು.

ಎರಡನೆಯದು 2003ರಲ್ಲಿ ಕಾನರ್ ಮತ್ತು ಡೇವಿಡ್‌ಸನ್ ರೂಪಿಸಿದ ತಾಳಿಕೆಯ ಮಾಪಕ. 25 ಹೇಳಿಕೆಗಳು, ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 100. ಬದಲಾವಣೆಗೆ ಹೊಂದಿಕೊಳ್ಳುವುದು, ಸೋಲಿಗೆ ಎದೆಗುಂದದೆ ಇರುವುದು, ದೈವದ ಮೇಲಿನ ಭರವಸೆ, ಇಂಥವೆಲ್ಲ ಅದರಲ್ಲಿವೆ. ಚಿಕಿತ್ಸೆಯ ಕೋಣೆಯಲ್ಲಿ ಕೂತ ಒಬ್ಬ ವ್ಯಕ್ತಿಗೆ ಸಹಾಯ ಮಾಡಲಿಕ್ಕೆ ಹುಟ್ಟಿದ ಸಾಧನ ಅದು. ಅದನ್ನು ರಾಯಭಾರ ಕಚೇರಿಯ ಹೆಂಡತಿಯರ ಕೈಗೆ ಕೊಟ್ಟು, ಬಂದ ಅಂಕವನ್ನು ಸೇರಿಸಿ, ‘ಇವರಲ್ಲಿ ತಾಳಿಕೆ ಉತ್ತಮವಾಗಿದೆ’ ಅಂತ ಬರೆದರೆ ಆ ವಾಕ್ಯವನ್ನು ಓದಿ ಸಂತೋಷ ಪಡೋರು ಯಾರು? ಇಲಾಖೆಯವರು. ಅಂಕ ಹೆಚ್ಚು ಬಂದರೆ ನಿಯಮ ಬದಲಿಸೋ ಅಗತ್ಯ ಇಲ್ಲ. ಕಡಿಮೆ ಬಂದರೆ ಆಕೆಗೆ ಒಂದು ಕಾರ್ಯಾಗಾರ ಮಾಡಿದರಾಯಿತು. ಎರಡೂ ಸಂದರ್ಭದಲ್ಲಿ ನಿಯಮ ಇದ್ದಲ್ಲೇ ಇರುತ್ತದೆ.

ನಿಯಮವೇ ಬರೆದಿದ್ದ ಪಾತ್ರ: ಮುತ್ತಮ್ಮ ಪ್ರಕರಣ

ನಿಯಮ ಅಂದರೆ ಏನು ಅಂತ ನೋಡಲಿಕ್ಕೆ ನಮ್ಮ ಕನ್ನಡ ನಾಡಿನದೇ ಉದಾಹರಣೆ ಇದೆ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಬರೆದುಕೊಡಬೇಕಾಗಿತ್ತು. 1961ರ ಸೇವಾ ನಿಯಮಗಳಲ್ಲೂ ಎರಡು ಅಂಶಗಳಿದ್ದವು. ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ನಂತರ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನಿಸಿದರೆ ಆಕೆಯಿಂದ ರಾಜೀನಾಮೆ ಕೇಳಬಹುದು. ಇನ್ನೊಂದು, ಮದುವೆಯಾದ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕು ಅಂತ ಇಲ್ಲ.

ಬಡ್ತಿಯಲ್ಲಿ ತಮಗೆ ಅನ್ಯಾಯವಾಗಿದೆ ಅಂತ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಅಷ್ಟರಲ್ಲಿ ಅವರಿಗೆ ಬಡ್ತಿ ಸಿಕ್ಕಿತ್ತು, ಅರ್ಜಿ ವಜಾ ಆಯಿತು. ಆದರೆ ತೀರ್ಪು ಆ ನಿಯಮಗಳಲ್ಲಿನ ಪಕ್ಷಪಾತವನ್ನು ಕಟುವಾಗಿ ಟೀಕಿಸಿತು. ಸಂಸಾರದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿ ಅನ್ನೋದಾದರೆ ಗಂಡಸಿನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲ ಅನ್ನೋದು ಅಲ್ಲಿನ ನೇರ ತರ್ಕ. ಒಂದು ನಿಯಮವನ್ನು 1973ರಲ್ಲೇ ತೆಗೆಯಲಾಗಿದೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಅಂತ ಸರ್ಕಾರ ಕೋರ್ಟಿಗೆ ತಿಳಿಸಿತು.

ಈ ಪ್ರಕರಣವನ್ನು ನಾವು ಮಹಿಳಾ ಅಧಿಕಾರಿಯ ಹಕ್ಕಿನ ಪಾಠವಾಗಿ ಓದ್ತೀವಿ. ಇವತ್ತು ಇದನ್ನು ಸಂಗಾತಿಯ ಪಾಠವಾಗಿ ಓದಿ ಅಂತ ನನ್ನ ಕೋರಿಕೆ. ಆ ನಿಯಮದ ಹಿಂದಿನ ಕಲ್ಪನೆ ಏನು? ರಾಜತಾಂತ್ರಿಕನ ಹಿಂದೆ ಊರೂರಿಗೆ ಹೋಗಲಿಕ್ಕೆ ಒಬ್ಬರು ಬೇಕು. ಗಂಡಸು ಅಧಿಕಾರಿಯಾದರೆ ಹೆಂಡತಿ ಹೋಗ್ತಾಳೆ. ಹೆಂಗಸು ಅಧಿಕಾರಿಯಾದರೆ ಗಂಡ ಹಿಂದೆ ಹೋಗೋನಲ್ಲ, ಆಕೆಯೇ ಅವನ ಹಿಂದೆ ಹೋಗ್ತಾಳೆ, ಹಾಗಾಗಿ ಆಕೆ ಸೇವೆಯಲ್ಲಿ ಇರಬಾರದು. ಹೆಂಡತಿಯ ‘ತಾಳಿಕೆ’ ಯಾರೋ ಒಬ್ಬಾಕೆಯ ಗುಣವಾಗಿ ಹುಟ್ಟಿದ್ದಲ್ಲ, ಅದರ ಮೇಲೆ ಲೆಕ್ಕ ಹಾಕಿಯೇ ಸೇವೆಯನ್ನು ಕಟ್ಟಿದ್ದರು. ಮುತ್ತಮ್ಮ ಕೊನೆಯವರೆಗೂ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ, ಮುಂದೆ ಘಾನಾ, ನೆದರ್‌ಲೆಂಡ್ಸ್‌ಗಳಿಗೆ ರಾಯಭಾರಿಯಾದರು.

ಕಾಲ ಬದಲಾಗಿದೆ, ನಿಜ. ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ 1973ರ ತಂಡದಲ್ಲಿ ಸೇವೆಗೆ ಸೇರಿ 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಅವರ ಪತಿ ಸುಧಾಕರ ರಾವ್ ಐಎಎಸ್ ಅಧಿಕಾರಿ, ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾದರು. ಅವರ ಖಾಸಗಿ ಬದುಕು ನಮ್ಮ ವಿಷಯ ಅಲ್ಲ. ವಿಷಯ ಇಷ್ಟೇ: ಇಬ್ಬರಿಗೂ ಸ್ವಂತ ಸೇವೆ, ಸ್ವಂತ ಸಂಬಳ ಇದ್ದಾಗ ಯಾರನ್ನೂ ಬರೀ ‘ಸಂಗಾತಿ’ ಅಂತ ಕರೆಯಬೇಕಾಗಿಲ್ಲ. ತಾಳಿಕೆಯ ಮಾಪಕಕ್ಕಿಂತ ಸ್ವಂತ ಸಂಬಳದ ಚೀಟಿ ಹೆಚ್ಚು ಹೇಳುತ್ತದೆ.

ಉಳಿದವರ ಗತಿ? ಸಂಗಾತಿ ಡಾಕ್ಟರ್ ಆಗಿರಬಹುದು, ಟೀಚರ್ ಆಗಿರಬಹುದು. ರಾಜತಾಂತ್ರಿಕ ವೀಸಾದ ಮೇಲೆ ಹೋದಾಕೆ ಅಲ್ಲಿ ಕೆಲಸಕ್ಕೆ ಸೇರಬೇಕಾದರೆ ಆ ದೇಶದ ಅನುಮತಿ ಬೇಕು. ಎರಡು ದೇಶಗಳು ಪರಸ್ಪರ ಒಪ್ಪಂದ ಮಾಡಿಕೊಂಡಿದ್ದರೆ ದಾರಿ ಸುಲಭ. ಭಾರತ ಹಲವು ದೇಶಗಳ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದೆ. ಒಪ್ಪಂದ ಇರೋ ದೇಶದಲ್ಲಿ ಆಕೆ ಡಾಕ್ಟರ್, ಇಲ್ಲದ ದೇಶದಲ್ಲಿ ಮನೆಯಾಕೆ. ಅದೇ ಹೆಂಗಸು, ಅದೇ ಮನೋಬಲ. ಹೀಗಿರುವಾಗ ಒತ್ತಡದ ಕಾರಣವನ್ನು ಆಕೆಯ ವ್ಯಕ್ತಿತ್ವದಲ್ಲಿ ಹುಡುಕೋದು ಎಷ್ಟು ಸರಿ?

ನಮ್ಮ ಮೂರು ತಾಲ್ಲೂಕು

ಈಗ ನಮ್ಮೂರಿಗೆ ಬರ್ತೀನಿ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ನಿರ್ಣಾ ಭಾಗ ಬಿಟ್ಟು ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಭಾಗ, ಗುಲ್ಬರ್ಗದ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಗಡಿ ಎಳೆದರು, ಬೀಗತನ ನಿಲ್ಲಲಿಲ್ಲ. ಹುಮನಾಬಾದಿನಿಂದ ಜಹೀರಾಬಾದಿಗೆ, ಬೀದರಿನಿಂದ ನಾರಾಯಣಖೇಡಕ್ಕೆ, ಸೇಡಂ, ಚಿಂಚೋಳಿಯಿಂದ ತಾಂಡೂರಿಗೆ ಹೆಣ್ಣು ಕೊಡೋದು ತರೋದು ಇವತ್ತಿಗೂ ನಡೀತಾ ಇದೆ. ಅದೇ ಹೆದ್ದಾರಿ, ಅದೇ ರೈಲು, ಅದೇ ತೊಗರಿ ಹೊಲ. ನಡುವೆ ಒಂದು ರಾಜ್ಯದ ಗೆರೆ.

ಆ ಗೆರೆ ಹೆಂಗಸಿಗೆ ಏನು ಮಾಡುತ್ತದೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ತಾಂಡಾದ್ದು. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ತೆಲಂಗಾಣ ಭಾಗದ ಲಂಬಾಡಿಗಳು 1976ರ ತಿದ್ದುಪಡಿ ಕಾಯ್ದೆಯಿಂದ ಪರಿಶಿಷ್ಟ ಪಂಗಡ. ಒಂದೇ ಮಾತು, ಒಂದೇ ಉಡುಗೆ, ಒಂದೇ ಬಳಗ, ಎರಡು ಪಟ್ಟಿ. 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಸ್ಥಾನಮಾನ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ವಲಸೆ ಹೋದ ರಾಜ್ಯದಲ್ಲಿ ಅದರ ಸೌಲಭ್ಯ ತಾನಾಗಿ ಸಿಗೋದಿಲ್ಲ ಅಂತ ಹೇಳಿತು. ಅಲ್ಲಿ ಪ್ರಶ್ನೆ ಇದ್ದದ್ದು ತಂದೆಯ ನೌಕರಿಯಿಂದಾಗಿ ಆಂಧ್ರದಿಂದ ಮುಂಬೈಗೆ ಹೋದ ವಿದ್ಯಾರ್ಥಿಯದು. ಜಾತಿ ಹುಟ್ಟಿನಿಂದ ಬರೋದು, ಮದುವೆಯಿಂದ ಬದಲಾಗೋದಿಲ್ಲ. ಹಾಗಾದರೆ ಚಿಂಚೋಳಿ ಕಡೆಯ ತಾಂಡಾದಿಂದ ತಾಂಡೂರು ಕಡೆಯ ತಾಂಡಾಕ್ಕೆ ಮದುವೆಯಾಗಿ ಬಂದಾಕೆಗೆ? ತವರಿನ ಪ್ರಮಾಣಪತ್ರ ಇಲ್ಲಿ ನಡೆಯೋದಿಲ್ಲ, ಗಂಡನದ್ದು ಆಕೆಗೆ ಬರೋದಿಲ್ಲ. ಪಕ್ಕದಲ್ಲಿ ಕೂತ ನಾದಿನಿಗೆ ಇರೋ ಮೀಸಲಾತಿ ಈಕೆಗೆ ಇಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅಂತ ಗಾದೆ ಹೇಳುತ್ತದೆ. ಕಾನೂನು, ಇಲ್ಲ, ಕುಲ ನಿನ್ನದೇ ಅಂತ ಹೇಳುತ್ತದೆ, ಆದರೆ ಅದರ ಕಾಗದ ಗಡಿ ದಾಟಿದರೆ ಓಡೋದಿಲ್ಲ. ಈಕೆ ಪದವಿ ಓದಿ ಮನೆಯಲ್ಲಿ ಕೂತಿದ್ದರೆ, ನಮ್ಮ ಪ್ರಶ್ನಾವಳಿ ‘ಹೊಸ ಪರಿಸರಕ್ಕೆ ಹೊಂದಿಕೊಂಡಿದ್ದೀರಾ?’ ಅಂತ ಕೇಳುತ್ತದೆ. ವಿದೇಶದಲ್ಲಿ ಕೆಲಸದ ಅನುಮತಿ ಸಿಗದ ಡಾಕ್ಟರ್ ಹೆಂಡತಿಗೂ ಅದೇ ಪ್ರಶ್ನೆ.

ಎರಡನೆಯದು ನಾರಾಯಣಖೇಡದ್ದು. ಅಲ್ಲಿನ ತಾಂಡಾ, ಹಳ್ಳಿಗಳಿಂದ ಕಬ್ಬು ಕಡಿಯಲಿಕ್ಕೆ ವರ್ಷ ವರ್ಷ ಗುಳೆ ಹೋಗ್ತಾರೆ. ದಸರಾ, ದೀಪಾವಳಿ ಕಳೆದ ಮೇಲೆ ಹೊರಟರೆ ಬೇಸಿಗೆಗೆ ವಾಪಸ್. ಮಹಾರಾಷ್ಟ್ರದ ಸಕ್ಕರೆ ಪಟ್ಟಿಯಲ್ಲಿ ಒಂದು ಪದ ಇದೆ: ಕೊಯ್ತಾ. ಕೊಯ್ತಾ ಅಂದರೆ ಕಬ್ಬು ಕಡಿಯೋ ಕತ್ತಿ. ಆದರೆ ಮುಕಾದಮನ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಮುಂಗಡ ಕೊಡೋದು ಕೊಯ್ತಾಕ್ಕೆ, ಕೂಲಿ ಲೆಕ್ಕ ಹಾಕೋದು ಕೊಯ್ತಾಕ್ಕೆ. ದುಡ್ಡು ಗಂಡನ ಕೈಗೆ. ಅವನು ಕಡೀತಾನೆ, ಆಕೆ ಸೋಸಿ, ಕಟ್ಟಿ, ತಲೆ ಮೇಲೆ ಹೊತ್ತು ಗಾಡಿಗೆ ತುಂಬ್ತಾಳೆ. ಆಮೇಲೆ ಗುಡಿಸಲಿಗೆ ಬಂದು ರೊಟ್ಟಿ ಬಡೀತಾಳೆ.

ಪಾಪನೆಕ್ ಹೇಳಿದ ‘ಇಬ್ಬರು ಮಾಡೋ ಒಂದು ನೌಕರಿ’ ಇದೇ ಅಲ್ಲವಾ? ಅಮೆರಿಕದ ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಹೊಸ ಸಿದ್ಧಾಂತ ಅನಿಸಲಿಲ್ಲ. ಮುಕಾದಮನಿಗೆ ಅದು ಯಾವತ್ತೋ ಗೊತ್ತಿತ್ತು, ಅವನು ಅದಕ್ಕೆ ಒಂದು ಪದವನ್ನೂ ಇಟ್ಟಿದ್ದ. ವ್ಯತ್ಯಾಸ ಒಂದಿದೆ. ಕೊಯ್ತಾದ ಲೆಕ್ಕದಲ್ಲಿ ಹೆಂಗಸು ಇದ್ದಾಳೆ ಅಂತ ಮುಕಾದಮ ಕನಿಷ್ಠ ಒಪ್ಪಿಕೊಳ್ತಾನೆ, ಹೆಂಡತಿ ಬರದಿದ್ದರೆ ಅರ್ಧ ಕೊಯ್ತಾ ಅಂತಾನೆ. ರಾಯಭಾರ ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಅಷ್ಟೂ ಇಲ್ಲ.

ನನ್ನದೇ ತಪ್ಪು

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಗಡಿ ಭಾಗದ ಸೊಸೆಯಂದಿರ ಬಗ್ಗೆ ಒಂದು ಕಿರು ಪ್ರಬಂಧ ಬರೆದಿದ್ದೆ. ‘ಭಾಷೆ, ರಾಜ್ಯ ಬದಲಾದರೂ ಈ ಮಹಿಳೆಯರು ಅಪಾರ ತಾಳಿಕೆಯಿಂದ ಬದುಕು ಕಟ್ಟಿಕೊಂಡಿದ್ದಾರೆ’ ಅಂತ ಮುಕ್ತಾಯ. ನಮ್ಮವ್ವ ಹುಮನಾಬಾದ್ ಕಡೆಯಿಂದ ಬಂದಾಕಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಪಾಸ್. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತ ಆಸೆ ಇತ್ತು, ತೆಲುಗು ಬರೆಯೋಕೆ ಬರಲ್ಲ ಅಂತ ಹಾಕಲೇ ಇಲ್ಲ. ಆ ಪ್ರಬಂಧ ಆಕೆಗೆ ಓದಿ ಹೇಳಿದೆ, ಖುಷಿ ಪಡ್ತಾಳೆ ಅಂತ. ಅವ್ವ ಪೂರಾ ಕೇಳಿ ಅಂದ್ಲು: “ನಾ ತಾಳ್ದೆ ಅಂತ ಬರ್ದಿ, ಛಲೋ ಆತು. ನಾ ಯಾಕ ತಾಳ್ಬೇಕಾತು ಅಂಬೋದು ಎಲ್ಲಿ ಬರ್ದಿ?”

ನಾನು ಅದನ್ನು ಎಲ್ಲೂ ಬರೆದಿರಲಿಲ್ಲ. ಇವತ್ತಿನ ಈ ಟೀಕೆ ಮೊದಲು ನನ್ನ ಆ ಪ್ರಬಂಧಕ್ಕೆ ಅನ್ವಯ ಆಗುತ್ತದೆ, ಆಮೇಲೆ ಬೇರೆಯವರಿಗೆ.

ಹಾಗಾದರೆ ತಾಳಿಕೆ ಅನ್ನೋದೇ ಸುಳ್ಳಾ?

ಸುಳ್ಳಲ್ಲ. ಆನ್ ಮ್ಯಾಸ್ಟನ್ 2001ರಲ್ಲಿ ಒಂದು ಮುಖ್ಯ ಮಾತು ಹೇಳಿದರು: ತಾಳಿಕೆ ಅಸಾಮಾನ್ಯ ಶಕ್ತಿಯೇನಲ್ಲ, ಮನೆ, ಸಂಬಂಧ, ಕಲಿಕೆ ಮುಂತಾದ ಸಾಮಾನ್ಯ ವ್ಯವಸ್ಥೆಗಳು ಸರಿಯಾಗಿ ಕೆಲಸ ಮಾಡಿದಾಗ ಬರೋ ಫಲ. ಮೈಕಲ್ ಉಂಗರ್ ಇನ್ನೂ ಮುಂದೆ ಹೋಗಿ, ಬೇಕಾದ ಸಂಪನ್ಮೂಲದವರೆಗೆ ದಾರಿ ಇದೆಯಾ ಅಂತ ಮೊದಲು ನೋಡಬೇಕು ಅಂತಾರೆ. ಇವರನ್ನು ಉಲ್ಲೇಖಿಸೋ ಪ್ರಬಂಧಗಳು ಬೇಕಾದಷ್ಟಿವೆ. ಉಲ್ಲೇಖ ಮೊದಲ ಅಧ್ಯಾಯದಲ್ಲಿ ಇರುತ್ತದೆ, ನಾಲ್ಕನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಮತ್ತೆ ವ್ಯಕ್ತಿಯ ಅಂಕಕ್ಕೆ ಇಳಿದಿರ್ತಾರೆ.

ನಿಜವಾದ ತಾಳಿಕೆಯ ಒಂದು ಉದಾಹರಣೆ ರಾಜತಾಂತ್ರಿಕರ ಮನೆಗಳಿಂದಲೇ ಕೊಡ್ತೀನಿ. ಅಮೆರಿಕದ ವಿದೇಶಾಂಗ ಸೇವೆಯ ಹೆಂಗಸರು 1960ರಲ್ಲೇ ಸಂಘ ಕಟ್ಟಿಕೊಂಡಿದ್ದರು. 1977ರಲ್ಲಿ ತಮ್ಮ ಕಷ್ಟಗಳನ್ನು ಒಟ್ಟುಗೂಡಿಸಿ ಒಂದು ವರದಿ ಮಾಡಿ ಇಲಾಖೆಯ ಮುಂದಿಟ್ಟರು. 1978ರಲ್ಲಿ ಕುಟುಂಬಗಳಿಗಾಗಿ ಪ್ರತ್ಯೇಕ ಕಚೇರಿ ಶುರುವಾಯಿತು. ಅವರು ಒಬ್ಬೊಬ್ಬರೇ ‘ಹೊಂದಿಕೊಂಡು’ ಕೂತಿದ್ದರೆ ಅದು ಆಗ್ತಿರಲಿಲ್ಲ. ನಮ್ಮ ಮಾಪಕದ 25 ಹೇಳಿಕೆಗಳಲ್ಲಿ ‘ನಾಲ್ಕು ಜನ ಸೇರಿ ಅರ್ಜಿ ಕೊಟ್ಟಿದ್ದೀರಾ?’ ಅನ್ನೋದು ಇಲ್ಲ. ಇದ್ದಿದ್ದರೆ ಅಂಕಗಳ ಕಥೆ ಬೇರೆಯಾಗ್ತಿತ್ತು.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ. ಪ್ರಶ್ನೆಗಳಿದ್ದರೆ ಕೇಳಿ.

ಸಂವಾದ

ಪ್ರಶ್ನೆ (ಒಬ್ಬ ಅಧ್ಯಾಪಕರು): ರಾಯಭಾರಿಯ ಹೆಂಡತಿಗೆ ಬಂಗಲೆ, ಕಾರು, ಆಳು ಇದ್ದಾರೆ. ಕಬ್ಬು ಕಡಿಯೋ ಹೆಂಗಸಿಗೆ ಗುಡಿಸಲು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಬಡವರ ಕಷ್ಟಕ್ಕೆ ಅವಮಾನ ಆಗೋದಿಲ್ಲವೇ?

ಉತ್ತರ: ಸರ್, ನಿಮ್ಮ ಆಕ್ಷೇಪ ಒಪ್ತೀನಿ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ಕಷ್ಟ ಒಂದೇ ಅಲ್ಲ, ಹತ್ತಿರವೂ ಇಲ್ಲ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಕಬ್ಬಿನ ಹೊರೆ ಹೊರೋದಕ್ಕೂ ಸ್ವಾಗತಕೂಟದಲ್ಲಿ ನಿಂತು ನಗೋದಕ್ಕೂ ಹೋಲಿಕೆ ಮಾಡಿದರೆ ತಪ್ಪು. ನಾನು ಹೋಲಿಸ್ತಾ ಇರೋದು ಲೆಕ್ಕ ಇಡೋ ಪದ್ಧತಿಯನ್ನು. ಎರಡೂ ಕಡೆ ಹೆಂಗಸಿನ ದುಡಿಮೆ ಗಂಡನ ಹೆಸರಿನ ಒಳಗೆ ಸೇರಿಹೋಗುತ್ತದೆ. ಮೇಲಿನವರ ಸ್ಥಿತಿಯನ್ನು ಅಧ್ಯಯನ ಮಾಡಲಿಕ್ಕೆ ಮಾಪಕ, ಅನುದಾನ, ವಿಚಾರ ಸಂಕಿರಣ ಇವೆ. ಕೆಳಗಿನವರ ಪದ್ಧತಿಯಲ್ಲಿ ಅದೇ ಸಂಗತಿ ಮುಚ್ಚುಮರೆ ಇಲ್ಲದೆ ಕಾಣುತ್ತದೆ. ಹಾಗಾಗಿ ಕೊಯ್ತಾದಿಂದ ರಾಯಭಾರ ಕಚೇರಿಯನ್ನು ಓದಬೇಕು ಅಂತ ನನ್ನ ಸಲಹೆ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಮೇಡಂ, ನಮ್ಮ ಮಾರ್ಗದರ್ಶಕರು ಮಾಪಕ ಬಳಸಲೇಬೇಕು ಅಂತಾರೆ. ನಾನು ಏನು ಮಾಡ್ಲಿ?

ಉತ್ತರ: ಬಳಸಮ್ಮ, ಜಗಳ ಮಾಡ್ಕೋಬೇಡ. ಆದರೆ ಮಾಪಕ ಕೈಗೆ ಕೊಡೋ ಮೊದಲು ಮೂರು ವಿಷಯ ಕೇಳಿ ಬರ್ಕೋ. ಇಲ್ಲಿಗೆ ಬರೋ ತೀರ್ಮಾನ ಯಾರದ್ದು? ಬಂದ ಮೇಲೆ ನಿಮ್ಮ ಓದು, ಕಾಗದ, ಕೆಲಸಗಳಲ್ಲಿ ಯಾವುದು ಓಡದಂತಾಯಿತು, ಯಾವ ನಿಯಮದಿಂದ? ನೀವು ದಿನಾ ಮಾಡೋ ಕೆಲಸದಲ್ಲಿ ಗಂಡನ ನೌಕರಿಗೆ ಸೇರೋದು ಎಷ್ಟು ತಾಸು? ಈ ಮೂರನ್ನೂ ಅಂಕದ ಪಕ್ಕದಲ್ಲಿ ಇಡು. ಒಂದೇ ಅಂಕ ಬಂದ ಇಬ್ಬರು ಹೆಂಗಸರ ಕಥೆ ಎಷ್ಟು ಬೇರೆ ಅಂತ ನಿನಗೇ ಕಾಣುತ್ತದೆ. ಮಾರ್ಗದರ್ಶಕರಿಗೂ ಕಾಣಬಹುದು.

ಪ್ರಶ್ನೆ (ಇನ್ನೊಬ್ಬ ವಿದ್ಯಾರ್ಥಿ): ನಿಯಮ ಬದಲಾಗೋವರೆಗೆ ಒತ್ತಡದಲ್ಲಿ ಇರೋರು ಏನು ಮಾಡಬೇಕು? ಆಪ್ತಸಮಾಲೋಚನೆ ಬೇಡ ಅಂತೀರಾ?

ಉತ್ತರ: ಖಂಡಿತ ಬೇಕು. ರಾತ್ರಿ ನಿದ್ದೆ ಬರದೆ ಕೂತ ಹೆಂಗಸಿಗೆ ‘ವ್ಯವಸ್ಥೆ ಬದಲಾಗಲಿ, ಆಮೇಲೆ ಮಲಗು’ ಅಂತ ಹೇಳಕ್ಕಾಗುತ್ತಾ? ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಎರಡು ದಾರಿ ಹೇಳಿದರು: ಸಮಸ್ಯೆಯನ್ನೇ ಬಗೆಹರಿಸೋದು, ಇಲ್ಲವೇ ಸಮಸ್ಯೆಯಿಂದ ಆಗೋ ಭಾವನೆಯನ್ನು ನಿಭಾಯಿಸೋದು. ಎರಡೂ ಬೇಕು. ಮೊದಲನೆಯದು ಆಕೆಯ ಕೈಮೀರಿದ್ದಾಗ ಎರಡನೆಯದನ್ನು ಮಾತ್ರ ಕಲಿಸಿ, ಅದಕ್ಕೆ ತಾಳಿಕೆ ಅಂತ ಹೆಸರಿಟ್ಟು, ವರದಿ ಮುಗಿಸಬೇಡಿ ಅನ್ನೋದಷ್ಟೇ ನನ್ನ ತಕರಾರು. ಸಮಾಲೋಚಕರು ಆಕೆಯ ಮಾತು ಕೇಳಲಿ. ಕೇಳಿದ್ದರಲ್ಲಿ ನಿಯಮಕ್ಕೆ ಸಂಬಂಧಿಸಿದ್ದು ಯಾವುದೋ ಅದನ್ನು, ಹೆಸರು ಬಿಟ್ಟು, ನಿಯಮ ಮಾಡೋರ ಮೇಜಿಗೆ ಕಳಿಸಲಿ.

ಅಧ್ಯಕ್ಷರು: ಸಮಯ ಆಯಿತು. ಕೊನೆಗೆ ಒಂದು ಕುತೂಹಲ, ನಿಮ್ಮ ತಾಯಿಯವರಿಗೆ ಈ ಪ್ರಬಂಧ ಓದಿ ಹೇಳಿದ್ರಾ?

ಉತ್ತರ: ಹೇಳಿದೆ ಮೇಡಂ, ನಿನ್ನೆ ರಾತ್ರಿ. ಮುತ್ತಮ್ಮನವರ ಭಾಗ ಎರಡು ಸಲ ಓದಿಸಿದ್ಲು. ಆಮೇಲೆ, “ಆಕಿ ಕೋರ್ಟಿಗೆ ಹೋದ್ಲು ನೋಡು” ಅಂದ್ಲು. ಈಗ ಪಕ್ಕದ ಮನೆ ಹುಡುಗಿ ಹತ್ರ ತೆಲುಗು ಅಕ್ಷರ ಬರೆಯೋದು ಕಲೀತಾ ಇದ್ದಾಳೆ. ಅರ್ಜಿ ಹಾಕೋ ವಯಸ್ಸು ದಾಟಿದೆ. ಆದರೂ ಕಲೀತಾ ಇದ್ದಾಳೆ. ಇದನ್ನು ತಾಳಿಕೆ ಅಂತ ಬರೀಬೇಡ ಅಂತ ನನಗೆ ತಾಕೀತು ಮಾಡಿದ್ದಾಳೆ.